ಹಂಪೆಯ ಸುತ್ತಣ ನಾಡುಗಳೂ ಜಿಲ್ಲೆಗಳೂ

ಕಮಲಾಪುರದ ಕೆರೆಯ ಏರಿಯ ಮೇಲೆ ನಿಂತು ಉತ್ತರದಿಕ್ಕನ್ನು ನೋಡಿದರೆ ಬಂಡೆಗಳನ್ನು ಒಟ್ಟಿದಂತಿರುವ ಗುಡ್ಡಗಳು ಒಂದರ ಹಿಂದೊಂದು ಕಾಣುತ್ತವೆ. ಅವುಗಳಲ್ಲಿ ತುಂಗಭದ್ರೆಯ ಈಚೆಯವು ಯಾವುವು, ಆಚೆಯವು ಯಾವುವು ಎಂಬುದನ್ನು ಹೊಸಬರು ಕಣ್ಣಳತೆಯಿಂದ ನಿರ್ಣಯಿಸಲಾರರು. ಹೊಳೆಯು ನಡುವೆ ತಗ್ಗಿನಲ್ಲಿ ಮರೆಯಾಗಿ ಹರಿಯುತ್ತದೆ. ಕಂದಾಯದ ನಕ್ಷೆಯಲ್ಲಿ ಮಾತ್ರ ಈ ಸಂದೇಹಕ್ಕೆ ಎಡೆಯಿಲ್ಲ. ಈಚೆಯದು ವಿಜಯನಗರ ಜಿಲ್ಲೆಯ ಹೊಸಪೇಟೆ ತಾಲ್ಲೂಕು. ಆಚೆಯದು ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕು. 2021ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಒಡೆದು ಕರ್ನಾಟಕದ ಮೂವತ್ತೊಂದನೆಯ ಜಿಲ್ಲೆಯನ್ನು ರಚಿಸಿದಾಗ ಅದಕ್ಕೆ ವಿಜಯನಗರವೆಂಬ ಹೆಸರನ್ನಿಟ್ಟರು. ಹೆಸರು ಯುಕ್ತವಾದುದೇ ಸರಿ. ಆದರೆ ವಿಜಯನಗರದ ಮೂಲಸ್ಥಾನವೆಂದು ಹೇಳಲಾಗುವ ಆನೆಗೊಂದಿಯು ಆ ಜಿಲ್ಲೆಯಲ್ಲಿಲ್ಲ. ವಿಜಯನಗರಕ್ಕೆ ಮುನ್ನ ಇದೇ ನೆಲದಲ್ಲಿ ತಲೆಯೆತ್ತಿದ ರಾಜ್ಯಕ್ಕೆ ಹೆಸರು ಕೊಟ್ಟ ಕಂಪಿಲಿಯೂ ಇಲ್ಲ. ಇದು ಹೇಗಾಯಿತೆಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ನಮ್ಮ ಪ್ರಾಚೀನ ಶಾಸನಗಳು ನಾಡುಗಳನ್ನು ಸಂಖ್ಯೆಗಳೊಡನೆ ಹೆಸರಿಸುತ್ತವೆ. ನೊಳಂಬವಾಡಿ ಮೂವತ್ತಿರ್ಚ್ಛಾಸಿರ, ಸಿಂದವಾಡಿ ಸಾಸಿರ, ಕೋಗಳಿ ಅಯ್ನೂರು, ಬಳ್ಳಕುಂದೆ ಮುನ್ನೂರು ಎಂಬಿವು ಹಂಪೆಯ ಆಸುಪಾಸಿನ ವಿಭಾಗಗಳು. ಕೋಗಳಿ ನಾಡು ಹಂಪೆಗೆ ಪಡುವಣ ಮತ್ತು ತೆಂಕಣ ಭಾಗ; ಆ ಹೆಸರಿನ ಊರೂ ಅಲ್ಲಿಯ ಜೈನ ಬಸದಿಯೂ ಇಂದಿಗೂ ಇವೆ. ಬಳ್ಳಕುಂದೆ ನಾಡು ಮೂಡಣ ಭಾಗ. ಕುರುಗೋಡಿನ ಸಿಂದರು ಅದನ್ನು ಆಳಿದರು. ಸಿಂದವಾಡಿಯು ಬಳ್ಳಾರಿಯಿಂದ ಆದವಾನಿಯ ಕಡೆಗೆ ಹಬ್ಬಿತ್ತು. ಹೊಳೆಯಾಚೆ ಕೃಷ್ಣೆ ತುಂಗಭದ್ರೆಗಳ ನಡುವಣ ನೆಲಕ್ಕೆ ಎಡೆದೊರೆ ಎರಡುಸಾಸಿರವೆಂದು ಹೆಸರು. ಎರಡು ತೊರೆಗಳ ಎಡೆಯ ನಾಡೆಂಬುದು ಆ ಹೆಸರಿನಲ್ಲಿಯೇ ವ್ಯಕ್ತವಾಗಿದೆ.

ಈ ಸಂಖ್ಯೆಗಳು ಏನನ್ನು ಸೂಚಿಸುತ್ತವೆ ಎಂಬ ವಿಷಯದಲ್ಲಿ ವಿದ್ವಾಂಸರಿಗೆ ಐಕಮತ್ಯವಿಲ್ಲ. ಗ್ರಾಮಗಳ ಎಣಿಕೆಯೆಂದು ಕೆಲವರು, ಕಂದಾಯದ ಮೊತ್ತವೆಂದು ಕೆಲವರು, ಭೂಮಿಯ ಅಳತೆಯೆಂದು ಮತ್ತೆ ಕೆಲವರು ಹೇಳಿದ್ದಾರೆ. ದೊಡ್ಡ ಸಂಖ್ಯೆಗಳನ್ನು ಗ್ರಾಮಗಳ ಎಣಿಕೆಯೆಂದು ಒಪ್ಪುವುದು ನಮಗೆ ಅಸಾಧ್ಯವಾಗಿ ತೋರುತ್ತದೆ. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕ ರಾಜ್ಯದ ಗ್ರಾಮಗಳು ಸುಮಾರು 29,000. ನೊಳಂಬವಾಡಿಯೊಂದರಲ್ಲಿಯೇ 32,000 ಊರುಗಳಿದ್ದವೆಂದರೆ, ಅದರ ನೆರೆಯ ಗಂಗವಾಡಿ ತೊಂಬತ್ತರುಸಾಸಿರಕ್ಕೆ ನೆಲವನ್ನು ಎಲ್ಲಿಂದ ತರಬೇಕು? ಮುನ್ನೂರು, ಅಯ್ನೂರುಗಳ ಮಾತು ಬೇರೆ. ಎರಡು ಮೂರು ತಾಲ್ಲೂಕುಗಳಷ್ಟು ನೆಲದಲ್ಲಿ ಅಷ್ಟು ಊರುಗಳಿರುವುದು ಸಂಭವನೀಯವೇ ಆದುದರಿಂದ ಸಣ್ಣ ನಾಡುಗಳ ಸಂಖ್ಯೆಯು ಎಂದೋ ಎಣಿಸಿದುದಾಗಿರಬಹುದು. ದೊಡ್ಡ ನಾಡುಗಳದು ಹೊಗಳಿಕೆಯೊಡನೆ ಬೆಳೆದು ಬಂದ ರೂಢಿಯೆಂದು ನಾವು ಭಾವಿಸುತ್ತೇವೆ. ಅದೇನೇ ಇರಲಿ, ಈ ನಾಡುಗಳ ಗಡಿಗಳನ್ನು ಯಾವ ಶಾಸನವೂ ಗೆರೆಯೆಳೆದಂತೆ ಹೇಳುವುದಿಲ್ಲ. ಊರಿನ ಎಲ್ಲೆಯನ್ನು ಮಾತ್ರ ಮೂಡಲು ಇಂಥ ಮರ, ತೆಂಕಲು ಇಂಥ ಗುಂಡು, ಪಡುವಲು ಇಂಥ ಹಳ್ಳವೆಂದು ಎಚ್ಚರದಿಂದ ವಿವರಿಸುವರು. ನಾಡಿಗೆ ನಡುವಿತ್ತು, ಅಂಚು ಅಷ್ಟು ಸ್ಪಷ್ಟವಾಗಿರಲಿಲ್ಲ. ಊರಿಗೆ ಅಂಚೇ ಮುಖ್ಯವಾಗಿತ್ತು.

ಹೊಳೆಯು ಇಲ್ಲಿ ರಾಜ್ಯಗಳನ್ನು ಬೇರ್ಪಡಿಸಿರಲಿಲ್ಲವೆಂಬುದಕ್ಕೆ ಮೊದಲನೆಯ ಪ್ರಮಾಣ ಕಂಪಿಲಿಯ ರಾಜ್ಯವೇ. ಕಂಪಿಲಿಯು ತೆಂಕಣ ದಡದ ಊರು. ಹನ್ನೊಂದನೆಯ ಶತಮಾನದಲ್ಲಿ ಅಲ್ಲಿ ಚಾಲುಕ್ಯರ ಅರಮನೆಯಿದ್ದಿತೆಂದೂ ಅದನ್ನು ರಾಜಾಧಿರಾಜ ಚೋಳನು ಹಾಳುಗೆಡವಿದನೆಂದೂ ಚೋಳರ ಶಾಸನಗಳಿಂದ ತಿಳಿದುಬರುತ್ತದೆ. ಹದಿನಾಲ್ಕನೆಯ ಶತಮಾನದ ಆದಿಯಲ್ಲಿ ಮುಮ್ಮಡಿ ಸಿಂಗನ ಮಗನಾದ ಕಂಪಿಲರಾಯನಿಗೆ ಕುಮ್ಮಟದುರ್ಗವು ಉತ್ತರದ ಬಲವಾಗಿಯೂ ಹೊಸಮಲೆದುರ್ಗವು ದಕ್ಷಿಣದಲ್ಲಿ ಸಂಡೂರಿನ ಬೆಟ್ಟಗಳ ಕಡೆಯ ಬಲವಾಗಿಯೂ ಇದ್ದವು. 1327ರ ಸುಮಾರಿಗೆ ದಿಲ್ಲಿಯ ಸೈನ್ಯವು ಆ ರಾಜ್ಯವನ್ನು ನಾಶಪಡಿಸುವವರೆಗೂ ಹೊಳೆಯು ಅದರ ಒಳಗಿನ ಹೊಳೆಯಾಗಿದ್ದಿತೇ ಹೊರತು ಅದರ ಗಡಿಯಾಗಿರಲಿಲ್ಲ.

ವಿಜಯನಗರದ ಕಾಲದಲ್ಲಿ ವಿಭಾಗಗಳ ಹೆಸರುಗಳು ಬದಲಾದುವು. ಸಂಖ್ಯೆಗಳು ಕ್ರಮೇಣ ಹಿಂದೆ ಸರಿದುವು. ಉದಯಗಿರಿ, ಪೆನುಗೊಂಡೆ, ಮುಳುಬಾಗಿಲು, ಆರಗ, ಬಾರಕೂರು ಮೊದಲಾದ ರಾಜ್ಯಗಳೂ, ಅವುಗಳೊಳಗೆ ನಾಡು, ಸೀಮೆ, ವೇಂಠೆ, ವಳಿತ, ಸ್ಥಳಗಳೂ ಶಾಸನಗಳಲ್ಲಿ ಕಾಣಬರುತ್ತವೆ. ದಾನಕೊಟ್ಟ ಗ್ರಾಮವು ಯಾವ ಸ್ಥಳಕ್ಕೆ ಸಲ್ಲುವುದು, ಆ ಸ್ಥಳವು ಯಾವ ಸೀಮೆಯೊಳಗಣದು, ಆ ಸೀಮೆಯು ಯಾರ ನಾಯಕತನಕ್ಕೆ ಪಾಲಿಸಿದುದು ಎಂಬುದನ್ನು ಕ್ರಮವಾಗಿ ಹೇಳುವುದು ವಾಡಿಕೆ. ಇವು ಎಲ್ಲೆಡೆಯೂ ಒಂದೇ ಶ್ರೇಣಿಯಲ್ಲಿದ್ದುವೆಂದು ಎಣಿಸಿ ಪಟ್ಟಿ ಮಾಡುವವರು ತೊಡಕಿಗೆ ಸಿಕ್ಕುತ್ತಾರೆ. ಒಂದೆಡೆ ಸೀಮೆಯೆನಿಸಿದುದು ಇನ್ನೊಂದೆಡೆ ನಾಡೆನಿಸಿದೆ. ರಾಜಧಾನಿಯ ಸುತ್ತಲಿನ ಪ್ರದೇಶಕ್ಕೆ ಹಸ್ತಿನಾವತಿಯ ವಳಿತವೆಂಬ ಹೆಸರು ಬರುತ್ತದೆ; ಆನೆಯ ಊರೆಂಬರ್ಥದ ಈ ಹೆಸರಿಗೂ ಆನೆಗೊಂದಿಗೂ ಇರುವ ಸಂಬಂಧವನ್ನು ಓದುಗರು ಗಮನಿಸದೆ ಇರಲಾರರು.

ಈ ವಿಭಾಗಗಳ ಆಡಳಿತವು ಇಂದಿನ ಜಿಲ್ಲಾಧಿಕಾರಿಯ ಆಡಳಿತದಂತಹುದಲ್ಲ. ಅಚ್ಯುತರಾಯನ ಕಾಲದಲ್ಲಿ ಇಲ್ಲಿದ್ದ ಪೋರ್ಚುಗೀಸ ನೂನಿಜನು, ರಾಜ್ಯವು ಇನ್ನೂರಕ್ಕೂ ಮಿಕ್ಕ ನಾಯಕರಲ್ಲಿ ಹಂಚಿಹೋಗಿದ್ದಿತೆಂದು ಬರೆದಿದ್ದಾನೆ. ನಾಯಕನು ತನಗೆ ಪಾಲಿಸಿದ ಸೀಮೆಯ ಉತ್ಪತ್ತಿಯಲ್ಲಿ ಗೊತ್ತಾದ ಹಣವನ್ನು ಅರಮನೆಗೆ ಸಲ್ಲಿಸಿ, ಗೊತ್ತಾದ ಕಾಲಾಳು ಕುದುರೆ ಆನೆಗಳನ್ನು ಸಾಕಬೇಕು. ಅರಸನ ಚಿತ್ತ ಬಂದಾಗ ಸೀಮೆಯು ಕೈಬದಲಾಗುವುದು. ಒಟ್ಟಿನಲ್ಲಿ ವಿಭಾಗವೆಂಬುದು ನೆಲದ ಹೆಸರಿಗಿಂತ ಹೆಚ್ಚಾಗಿ ಹೊಣೆಯ ಹೆಸರಾಗಿದ್ದಿತು.

ರಾಜಧಾನಿಯಂತೂ ಒಂದು ಊರಲ್ಲ, ಊರುಗಳ ಗೊಂಚಲು. ಕೃಷ್ಣಾಪುರ, ವಿಠ್ಠಲಾಪುರ, ವರದಾದೇವಿಯಮ್ಮನ ಪಟ್ಟಣ, ತಿರುಮಲದೇವಿಯಮ್ಮನ ಪಟ್ಟಣ, ನಾಗಲಾಪುರ ಎಂದು ಹೆಸರಾದ ಪುರಗಳು ಅದರ ಸುತ್ತ ಬೆಳೆದುವು. ವರದಾದೇವಿಯಮ್ಮನ ಪಟ್ಟಣವು ಕಮಲಾಪುರದ ಮಗ್ಗುಲಲ್ಲಿ ಪಟ್ಟಾಭಿರಾಮ ದೇವಾಲಯದ ಸುತ್ತ ಇದ್ದಿತು; ನಾಗಲಾಪುರವು ಇಂದಿನ ಹೊಸಪೇಟೆ. ಅನಂತಶಯನಗುಡಿಯ ಸುತ್ತ ಕೃಷ್ಣದೇವರಾಯನು ತನ್ನ ಮಗನಾದ ತಿರುಮಲರಾಯನ ಹೆಸರಿನಲ್ಲಿ ಪಟ್ಟಣವನ್ನು ಕಟ್ಟಿಸಿದನು. ಈ ಗೊಂಚಲಿನಲ್ಲಿ ಉತ್ತರದಂಡೆಯೂ ಸೇರಿತ್ತು. 1520ರ ಸುಮಾರಿನಲ್ಲಿ ಬಂದಿದ್ದ ಪಯಸನು ಹೊಳೆಯನ್ನು ಬುಟ್ಟಿಯಂತೆ ದುಂಡಾದ, ಒಳಗೆ ಬೆತ್ತವೂ ಹೊರಗೆ ಚರ್ಮವೂ ಉಳ್ಳ ದೋಣಿಗಳಲ್ಲಿ ದಾಟುವರೆಂದು ಹೇಳಿ, ಆಚೆಯ ಆನೆಗೊಂದಿಯು ಹಿಂದೆ ರಾಜಧಾನಿಯಾಗಿದ್ದಿತೆಂದೂ, ಈಗ ಜನ ಕಡಮೆಯಾದರೂ ಒಳ್ಳೆಯ ಕೋಟೆಯುಂಟೆಂದೂ, ಅರಸನ ಪರವಾಗಿ ನಾಯಕನೊಬ್ಬನು ಅಲ್ಲಿರುವನೆಂದೂ ತಿಳಿಸಿದ್ದಾನೆ. ಅವನು ವರ್ಣಿಸಿದ ದೋಣಿ ನಮ್ಮ ಹರಿಗೋಲೇ ಎಂಬುದನ್ನು ಹೇಳಬೇಕಾಗಿಲ್ಲ. ವಿಠ್ಠಲ ದೇವಾಲಯದ ಬಳಿ ಹೊಳೆಯ ಪಾತ್ರದಲ್ಲಿ ಇಂದಿಗೂ ನಿಂತಿರುವ ಕಲ್ಲುಕಂಬಗಳ ಸಾಲು ಆ ಕಾಲದ ಸೇತುವೆಯ ಅವಶೇಷ. ಗಡಿಯ ಹೊಳೆಗೆ ಅರಸರು ಕೋಟೆಗಳನ್ನು ಕಟ್ಟುವರು. ಕಲ್ಲಿನ ಸೇತುವೆಯನ್ನು ಕಟ್ಟುವುದು ಊರೊಳಗಣ ಹೊಳೆಗೆ.

ಇದಕ್ಕೆ ಒಂದು ಆಕ್ಷೇಪವುಂಟು. ಬಹಮನಿ ಸುಲ್ತಾನರಿಗೂ ವಿಜಯನಗರಕ್ಕೂ ಎರಡು ಶತಮಾನಗಳ ಕಾಲ ನಡೆದ ಕಲಹವು ಎಡೆದೊರೆಯ ನೆಲಕ್ಕಾಗಿಯೇ ಅಲ್ಲವೆ? ಹಾಗಿದ್ದಮೇಲೆ ತುಂಗಭದ್ರೆಯು ಆಗಾಗ ಗಡಿಯಾಗಿದ್ದಿತಲ್ಲವೆ? ರಾಯಚೂರು, ಮುದುಗಲ್ಲುಗಳ ವಿಷಯದಲ್ಲಿ ಈ ಮಾತು ನಿಜ. ಆದರೆ ಆ ಕಾದಾಟವು ಹೊಳೆಯನ್ನು ಗಡಿಯೆಂದು ಉಭಯರೂ ಒಪ್ಪದಿದ್ದುದಕ್ಕೆ ಸಾಕ್ಷಿಯೇ ಹೊರತು ಒಪ್ಪಿದುದಕ್ಕಲ್ಲ. 1565ರ ಯುದ್ಧದಲ್ಲಿ ಸೋತು ರಾಜಧಾನಿಯನ್ನು ತೊರೆಯುವ ತನಕ ರಾಯರು ಆನೆಗೊಂದಿಯ ದಂಡೆಯನ್ನು ಊರಿನ ಅಂಗವೆಂದೇ ಕಾಪಾಡಿಕೊಂಡರು.

ಮುಂದಿನ ಇನ್ನೂರು ವರ್ಷಗಳ ಕಥೆಯನ್ನು ಇಲ್ಲಿ ವಿಸ್ತರಿಸುವುದಿಲ್ಲ. ವಿಜಾಪುರದವರು, ಮೊಗಲರು, ಮರಾಠರು, ಹರಪನಹಳ್ಳಿ, ಜರಿಮಲೆ, ಗುಡೇಕೋಟೆಗಳ ಪಾಳೆಯಗಾರರು, ಹೈದರ್ ಅಲಿ, ಟಿಪ್ಪು ಸುಲ್ತಾನ ಹೀಗೆ ಒಡೆತನವು ಕೈಯಿಂದ ಕೈಗೆ ಹೋಯಿತು. ನಿಜವಾದ ಸೀಳು ಬಿದ್ದುದು 1800ನೆಯ ಇಸವಿಯಲ್ಲಿ.

1792 ಮತ್ತು 1799ರ ಮೈಸೂರು ಯುದ್ಧಗಳ ಕೊನೆಯಲ್ಲಿ ಟಿಪ್ಪುವಿನ ರಾಜ್ಯದಿಂದ ಹೈದರಾಬಾದಿನ ನಿಜಾಮನಿಗೆ ದೊಡ್ಡ ಪಾಲು ಬಂದಿತು. ಕಂಪನಿಯ ಸೈನ್ಯವನ್ನು ತನ್ನ ರಕ್ಷಣೆಗೆ ಇರಿಸಿಕೊಳ್ಳುವ ವೆಚ್ಚಕ್ಕೆ ಬದಲಾಗಿ ಆ ಪಾಲನ್ನೆಲ್ಲ ಅವನು 1800ರ ಅಕ್ಟೋಬರ್ 12ರ ಕೌಲಿನಲ್ಲಿ ಕಂಪನಿಗೆ ಬಿಟ್ಟುಕೊಟ್ಟನು. ದತ್ತಮಂಡಲವೆಂಬ ಹೆಸರು ಇದರಿಂದ ಬಂದುದು. ಇಷ್ಟನ್ನು ಎಲ್ಲ ಚರಿತ್ರೆಗಳೂ ಹೇಳುತ್ತವೆ. ಆದರೆ ಅದೇ ಕೌಲಿನಲ್ಲಿ ಇನ್ನೊಂದು ಕರಾರು ಅಡಗಿದೆ. ನಮ್ಮ ವಿಷಯಕ್ಕೆ ಅದೇ ಮುಖ್ಯವಾದುದು. ಬಿಟ್ಟುಕೊಟ್ಟ ನೆಲದಲ್ಲಿ ಕೆಲವು ಭಾಗಗಳು ಹೊಳೆಯ ಉತ್ತರದಲ್ಲಿದ್ದು ಸ್ಪಷ್ಟವಾದ ಎಲ್ಲೆಗೆ ಅನನುಕೂಲವಾಗಿದ್ದುವು. ಆದುದರಿಂದ ಕೊಪ್ಪಳ, ಗಜೇಂದ್ರಗಡ ಮೊದಲಾದುವನ್ನು ನಿಜಾಮನೇ ಇಟ್ಟುಕೊಂಡು, ಅವುಗಳಿಗೆ ಬದಲಾಗಿ ಆದವಾನಿಯನ್ನೂ ತುಂಗಭದ್ರೆಯ ದಕ್ಷಿಣಕ್ಕೆ ತನಗಿದ್ದ ಉಳಿದ ನೆಲವನ್ನೂ ಕಂಪನಿಗೆ ಕೊಡತಕ್ಕುದೆಂದೂ, ಹೊಳೆಯೇ ಉಭಯರ ಗಡಿಯೆಂದೂ ನಿಶ್ಚಯವಾಯಿತು.

ಕೊಪ್ಪಳಕ್ಕೆ ಆದವಾನಿ! ಪೇಟೆಯಲ್ಲಿ ಸರಕಿಗೆ ಸರಕನ್ನು ಬದಲಾಯಿಸಿದಂತೆ ನಡೆದ ಈ ಏರ್ಪಾಡಿನಲ್ಲಿ ಭಾಷೆ, ನೀರು, ನೆಂಟಸ್ತಿಕೆ, ದೇವರ ಒಕ್ಕಲು ಇವು ಯಾವುದನ್ನೂ ಗಣಿಸಿರಲಿಲ್ಲ. ನಕ್ಷೆಯಲ್ಲಿ ಹೊಳೆಯು ಗೆರೆಯಂತೆ ಕಾಣುವುದೆಂಬುದೊಂದೇ ಯುಕ್ತಿ. ಹಂಪೆ, ಕಮಲಾಪುರ, ಕಂಪಿಲಿಗಳು ಕಂಪನಿಗೆ ಸೇರಿದುವು. ಆನೆಗೊಂದಿ, ಗಂಗಾವತಿ, ಕನಕಗಿರಿಗಳು ನಿಜಾಮನಲ್ಲಿ ಉಳಿದುವು. ಕುಮ್ಮಟದುರ್ಗವು ಒಂದು ಸರಕಾರಕ್ಕೆ, ಕಂಪಿಲಿಯು ಇನ್ನೊಂದಕ್ಕೆ. ಸುಮಾರು ಒಂದೂವರೆ ಶತಮಾನ ಈ ಗೆರೆಯು ಅಳಿಯಲಿಲ್ಲ.

ದಕ್ಷಿಣದಂಡೆಯಲ್ಲಿ ಥಾಮಸ್ ಮನ್ರೋ ಸಾಹೇಬನು 1800ರಿಂದ 1807ರ ವರೆಗೆ ಮುಖ್ಯ ಕಲೆಕ್ಟರಾಗಿದ್ದನು. ಸುಮಾರು 80 ಮಂದಿ ಪಾಳೆಯಗಾರರನ್ನು ಅಡಗಿಸಿ, ಹೊಲಹೊಲವನ್ನೂ ಅಳೆಯಿಸಿ, ರೈತನೊಡನೆ ನೇರವಾಗಿ ಕಂದಾಯವನ್ನು ಗೊತ್ತುಮಾಡುವ ಪದ್ಧತಿಯನ್ನು ಇಲ್ಲಿ ಬೇರೂರಿಸಿದವನು ಅವನೇ. ನಾಯಕನ ಸೀಮೆಗೂ ಕಲೆಕ್ಟರನ ಜಿಲ್ಲೆಗೂ ಇರುವ ಭೇದವು ಇಲ್ಲಿ ತಿಳಿಯುತ್ತದೆ. ಮೊದಲನೆಯದರಲ್ಲಿ ಒಬ್ಬನ ಹೊಣೆಯು ನೆಲವನ್ನು ನಿರ್ಣಯಿಸುತ್ತಿತ್ತು; ಎರಡನೆಯದರಲ್ಲಿ ಅಳೆದ ನೆಲವು ಅಧಿಕಾರಿಯ ಹೊಣೆಯನ್ನು ನಿರ್ಣಯಿಸುತ್ತದೆ. ಗೌಡ, ಶಾನುಭೋಗ, ತಳವಾರ, ನೀರುಗಂಟಿಗಳು ಮಾತ್ರ ಎರಡರಲ್ಲಿಯೂ ಅವರೇ.

ಗಡಿಯ ಮಾತಿನಲ್ಲಿ ಸಂಡೂರನ್ನು ಮರೆಯಬಾರದು. ತುಂಗಭದ್ರೆಯು ಬಲವಂತದ ಗಡಿಯಾದರೆ ಸಂಡೂರಿನದು ಹುಟ್ಟುಗಡಿ. ಸುತ್ತಲೂ ಬೆಟ್ಟದ ಗೋಡೆ. ಓಬಳಗಂಡಿಯಲ್ಲಿ ಒಳಹೊಕ್ಕು ಭೀಮಗಂಡಿಯಲ್ಲಿ ಹೊರಬೀಳುವ ನಾರಿಹಳ್ಳ. ಒಳಗೆ ಸುಮಾರು 160 ಚದರ ಮೈಲಿಯ ನೆಲ. 1728ರಲ್ಲಿ ಘೋರ್ಪಡೆ ಮನೆತನದ ಸಿದ್ದೋಜಿರಾಯನು ಅದನ್ನು ಬೇಡ ಪಾಳೆಯಗಾರನಿಂದ ವಶಪಡಿಸಿಕೊಂಡನು. ನಡುವೆ ಹೈದರನಿಗೆ ಕಳೆದುಕೊಂಡುದನ್ನು ಮರಳಿ ಪಡೆದ ಮನೆತನದ ಮೇಲೆ ಪೇಶ್ವೆ ಎರಡನೆಯ ಬಾಜೀರಾಯನ ಕಣ್ಣು ಬಿದ್ದಿತು. ಕುಮಾರಸ್ವಾಮಿಯ ಯಾತ್ರೆಯ ನೆಪದಿಂದ ಅವನು 1815ರಲ್ಲಿ ಸೈನ್ಯಸಮೇತನಾಗಿ ಬಂದನೆಂಬುದು ಆ ನಾಡಿನ ಚರಿತ್ರೆಯ ಸ್ವಾರಸ್ಯವಾದ ಪ್ರಸಂಗ. ಪೇಶ್ವೆಯ ಬೇಡಿಕೆಯಂತೆ ಮನ್ರೋ 1817ರಲ್ಲಿ ದಂಡೆತ್ತಿ ಹೋದಾಗ ಶಿವರಾಯನು ನಾಡನ್ನು ಒಪ್ಪಿಸಿದನು. ಪೇಶ್ವೆಯು ಪತನವಾದೊಡನೆ 1818ರಲ್ಲಿ ಕಂಪನಿಯು ಅದನ್ನು ಶಿವರಾಯನಿಗೇ ಹಿಂದಿರುಗಿಸಿ 1826ರಲ್ಲಿ ಸನದು ಕೊಟ್ಟಿತು. ಹೀಗೆ ಬಳ್ಳಾರಿ ಜಿಲ್ಲೆಯ ಹೊಟ್ಟೆಯೊಳಗೆ ಒಂದು ಪ್ರತ್ಯೇಕ ಸಂಸ್ಥಾನವು 1949ರ ತನಕ ಉಳಿದಿತ್ತು. ಆ ವರ್ಷ ಮದರಾಸು ಪ್ರಾಂತದಲ್ಲಿ ವಿಲೀನವಾಗಿ ತಾಲ್ಲೂಕಾದ ಮೇಲೂ ಅದರ ಎಲ್ಲೆಯನ್ನು ಕದಲಿಸಲು ಯಾರಿಗೂ ಪ್ರಯೋಜನ ಕಾಣಲಿಲ್ಲ.

ಇತ್ತ ದತ್ತಮಂಡಲವು ಒಡೆಯುತ್ತ ಬಂದಿತು. 1808ರಲ್ಲಿ ಅದು ಬಳ್ಳಾರಿ, ಕಡಪೆಗಳೆಂದು ಎರಡಾಯಿತು. 1858ರಲ್ಲಿ ಕರ್ನೂಲು ಜಿಲ್ಲೆಯನ್ನು ರಚಿಸಿದಾಗ ಪತ್ತಿಕೊಂಡವು ಬಳ್ಳಾರಿಯಿಂದ ಹೋಯಿತು. 1882ರಲ್ಲಿ ಅನಂತಪುರವು ಬೇರೆಯಾಯಿತು. ಉಳಿದುದು ಆದವಾನಿ, ಆಲೂರು, ಬಳ್ಳಾರಿ, ರಾಯದುರ್ಗ, ಹೊಸಪೇಟೆ, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಎಂಬ ಎಂಟು ತಾಲ್ಲೂಕುಗಳು. ಇವೆಲ್ಲ ಕಚೇರಿಯ ಅನುಕೂಲಕ್ಕಾಗಿ ಆದ ವಿಭಾಗಗಳು. ಜನರನ್ನು ಕೇಳಿ ಮಾಡಿದುವಲ್ಲ. 1953ರಲ್ಲಿ ಆಂಧ್ರರಾಜ್ಯವು ಮದರಾಸಿನಿಂದ ಬೇರೆಯಾಗುವಾಗ ಮೊಟ್ಟಮೊದಲು ಭಾಷೆಯ ಪ್ರಶ್ನೆ ಎದ್ದಿತು. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಸಂದುವು. ಬಳ್ಳಾರಿ ತಾಲ್ಲೂಕನ್ನು ಕುರಿತು ವಾದ ಬಹಳವಾದುದರಿಂದ ನ್ಯಾಯಮೂರ್ತಿ ಮಿಶ್ರರ ವಿಚಾರಣೆಯಾಗಿ, ಅದರ ಬಹುಭಾಗವೂ ಉಳಿದ ತಾಲ್ಲೂಕುಗಳೂ ಆ ವರ್ಷದ ಅಕ್ಟೋಬರ್ 1ರಂದು ಮೈಸೂರು ರಾಜ್ಯವನ್ನು ಸೇರಿದುವು. 1800ರಲ್ಲಿ ಕೊಪ್ಪಳದ ಬದಲಿಗೆ ಬಂದ ಆದವಾನಿಯು 153 ವರ್ಷಗಳ ಮೇಲೆ ಕೈತಪ್ಪಿತು. ಅದಕ್ಕಾಗಿ ಕೊಟ್ಟ ಕೊಪ್ಪಳವು ಇನ್ನೂ ಬಂದಿರಲಿಲ್ಲ.

ಅಷ್ಟಕ್ಕೆ ವಿವಾದ ಮುಗಿಯಲಿಲ್ಲ. 1945ರಲ್ಲಿ ಶಂಕುಸ್ಥಾಪನೆಯಾದ ತುಂಗಭದ್ರಾ ಅಣೆಕಟ್ಟು ಹೊಸಪೇಟೆಯ ಮಗ್ಗುಲಲ್ಲಿ ಮಲ್ಲಾಪುರದ ಬಳಿ ಎದ್ದುನಿಂತಿತ್ತು. ನಾರಾಯಣದೇವರಕೆರೆಯಂತಹ ಹಳೆಯ ಊರು ಅದರ ಹಿನ್ನೀರಿನಲ್ಲಿ ಮುಳುಗಿತು. ಬಲದಂಡೆಯ ಕಾಲುವೆಗಳ ನೀರು ಆಂಧ್ರದ ಬರಗಾಲದ ಸೀಮೆಗೂ ಹೋಗಬೇಕು. ಈ ಕಾರಣವನ್ನು ಮುಂದಿಟ್ಟು 1955ರಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗವು ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ ತಾಲ್ಲೂಕುಗಳನ್ನೂ ಮಲ್ಲಾಪುರ ಉಪತಾಲ್ಲೂಕಿನ ಒಂದು ಭಾಗವನ್ನೂ ಆಂಧ್ರಕ್ಕೆ ಕೊಡತಕ್ಕುದೆಂದು ಶಿಫಾರಸು ಮಾಡಿತು. ಅದು ಅಂಗೀಕೃತವಾಗಿದ್ದರೆ ಹಂಪೆಯೂ ಕಮಲಾಪುರವೂ ಇಂದು ಆಂಧ್ರದಲ್ಲಿರುತ್ತಿದ್ದುವೆಂಬುದನ್ನು ನಮ್ಮವರು ಅನೇಕರು ಮರೆತಿದ್ದಾರೆ. ಒಂದು ಅಣೆಕಟ್ಟಿಗಾಗಿ ನಾಡನ್ನು ಕೊಡುವುದಕ್ಕಿಂತ ಅಣೆಕಟ್ಟಿಗೆ ಉಭಯ ರಾಜ್ಯಗಳ ಒಂದು ಮಂಡಲಿಯಿರುವುದು ಲೇಸೆಂಬ ವಾದವೇ ಗೆದ್ದಿತು. ಅಂತಹ ಮಂಡಲಿಯು 1953ರಲ್ಲಿಯೇ ಏರ್ಪಟ್ಟಿದ್ದಿತು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆಯು ಕೊಪ್ಪಳ, ಗಂಗಾವತಿಗಳೊಡನೆ ಮೈಸೂರು ರಾಜ್ಯಕ್ಕೆ ಸೇರಿದಾಗ ಹೊಳೆಯ ಎರಡು ದಂಡೆಗಳೂ 156 ವರ್ಷಗಳ ಮೇಲೆ ಒಂದು ಸರಕಾರದ ಕೆಳಗೆ ಬಂದುವು.

ರಾಜ್ಯವೇನೋ ಒಂದಾಯಿತು, ಜಿಲ್ಲೆಯ ಗಡಿಯಾಗಿ ಗೆರೆ ಉಳಿಯಿತು. ಇದರಿಂದಾದ ನಷ್ಟವು ಕಂದಾಯದ ವಿಷಯಕ್ಕೆ ಮಾತ್ರ ಸಂಬಂಧಿಸಿದುದಲ್ಲ. ಚರಿತ್ರೆಯನ್ನು ಬರೆಯುವವರಿಗೆ ಅದು ಹೆಚ್ಚಾಗಿ ತಟ್ಟಿದೆ. ರೈಸ್ ಸಾಹೇಬನ ಎಪಿಗ್ರಾಫಿಯ ಕರ್ನಾಟಿಕದ ಹನ್ನೆರಡು ಸಂಪುಟಗಳಲ್ಲಿ ಕರ್ನಾಟಕದ ಮಹಾರಾಜಧಾನಿಯ ಶಾಸನಗಳಿಗೆ ಸ್ಥಳವಿಲ್ಲ. ಅವನು ಮೈಸೂರು ಸಂಸ್ಥಾನದ ಅಧಿಕಾರಿ; ಹಂಪೆಯೋ ಮದರಾಸಿನದು. ಹಂಪೆಯ ಶಾಸನಗಳನ್ನು ದಕ್ಷಿಣ ಭಾರತದ ಶಾಸನಗಳೆಂಬ ಮಾಲೆಯ ನಾಲ್ಕನೆಯ ಸಂಪುಟದಲ್ಲಿಯೂ, ಬಳ್ಳಾರಿ ಸೀಮೆಯ ಇತರ ಕನ್ನಡ ಶಾಸನಗಳನ್ನು 1939 ಮತ್ತು 1941ರಲ್ಲಿ ಎರಡು ಭಾಗಗಳಾಗಿ ಹೊರಬಿದ್ದ ಒಂಬತ್ತನೆಯ ಸಂಪುಟದಲ್ಲಿಯೂ ಹುಡುಕಬೇಕು. ಹೊಳೆಯಾಚೆ ಕೊಪ್ಪಳದ ಶಾಸನಗಳಿಗೆ 1935ರ ಹೈದರಾಬಾದು ಪ್ರಾಕ್ತನ ಮಾಲೆಗೆ ಹೋಗಬೇಕು. ಕಾಗದಪತ್ರಗಳ ಗತಿಯೂ ಹೀಗೆಯೇ: ಒಂದು ದಂಡೆಯವು ಚೆನ್ನೈಯಲ್ಲಿ, ಇನ್ನೊಂದು ದಂಡೆಯವು ಹೈದರಾಬಾದಿನಲ್ಲಿ. ಒಂದೇ ಊರಿನ ಎರಡು ಕೇರಿಗಳ ವೃತ್ತಾಂತವನ್ನು ಕೂಡಿಸಲು ಎರಡು ದೂರದ ಪಟ್ಟಣಗಳಿಗೆ ಪ್ರಯಾಣಮಾಡಬೇಕಾದ ಇತಿಹಾಸಕಾರನು ಬಹುಶಃ ಒಂದೇ ಕೇರಿಯ ಕಥೆಯನ್ನು ಬರೆದು ಸುಮ್ಮನಾಗುತ್ತಾನೆ. ವಿಜಯನಗರವನ್ನು ಕುರಿತ ಗ್ರಂಥಗಳಲ್ಲಿ ದಕ್ಷಿಣದಂಡೆಗೆ ನೂರು ಪುಟ, ಆನೆಗೊಂದಿಗೆ ನಾಲ್ಕು ಪುಟ ಎಂಬಂತಾಗಿರುವುದಕ್ಕೆ ದಕ್ಷಿಣದ ಅವಶೇಷಗಳ ವೈಭವವೊಂದೇ ಕಾರಣವೆಂದು ನಾವು ನಂಬುವುದಿಲ್ಲ. ಸೀವೆಲ್ ಸಾಹೇಬನು ಬಳ್ಳಾರಿಯಲ್ಲಿ ಅಧಿಕಾರಿಯಾಗಿರದೆ ರಾಯಚೂರಿನಲ್ಲಿದ್ದಿದ್ದರೆ 1900ರಲ್ಲಿ ಅವನು ಪ್ರಕಟಿಸಿದ ಗ್ರಂಥದ ಆಕಾರವು ಬೇರೆಯಾಗುತ್ತಿತ್ತೇನೋ. 1991ರಲ್ಲಿ ಕಮಲಾಪುರದ ನೆರೆಯಲ್ಲಿಯೇ ಸ್ಥಾಪಿತವಾದ ಕನ್ನಡ ವಿಶ್ವವಿದ್ಯಾಲಯವು ಈ ಶಾಸನಗಳನ್ನು ಮತ್ತೆ ಸಂಗ್ರಹಿಸಿ ಪ್ರಕಟಿಸಿ ಮಹದುಪಕಾರ ಮಾಡಿದೆ; ಆದರೆ ಆ ಸಂಪುಟಗಳನ್ನೂ ಜಿಲ್ಲೆಯ ಪ್ರಕಾರವೇ ವಿಂಗಡಿಸಬೇಕಾಯಿತು.

ಇತ್ತೀಚಿನ ಬದಲಾವಣೆಗಳನ್ನು ಬೇಗನೆ ಹೇಳಿಬಿಡಬಹುದು. 1997ರಲ್ಲಿ ಕೊಪ್ಪಳವು ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾಯಿತು. ಅದೇ ವರ್ಷ ಹರಪನಹಳ್ಳಿಯು ಬಳ್ಳಾರಿಯಿಂದ ಹೊಸ ದಾವಣಗೆರೆ ಜಿಲ್ಲೆಗೆ ಹೋಗಿ, 2018ರ ತೀರ್ಮಾನದಂತೆ ಬಳ್ಳಾರಿಗೆ ಹಿಂದಿರುಗಿ, 2021ರಲ್ಲಿ ವಿಜಯನಗರಕ್ಕೆ ಸೇರಿತು; ಮನೆಯ ಹೊಸ್ತಿಲನ್ನು ದಾಟದ ಮುದುಕಿಯೂ ಅಲ್ಲಿ ಮೂರು ಜಿಲ್ಲೆಗಳನ್ನು ಕಂಡಂತಾಯಿತು. ಬಹುಕಾಲ ಹೊಸಪೇಟೆ ತಾಲ್ಲೂಕಿನಲ್ಲಿದ್ದ ಕಂಪಿಲಿಯನ್ನು 2017ರಲ್ಲಿ ಪ್ರತ್ಯೇಕ ತಾಲ್ಲೂಕೆಂದು ಘೋಷಿಸಿದರು. 2021ರಲ್ಲಿ ಹೊಸಪೇಟೆ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಎಂಬ ಆರು ತಾಲ್ಲೂಕುಗಳು ವಿಜಯನಗರ ಜಿಲ್ಲೆಯಾಗಿ, ಬಳ್ಳಾರಿ, ಸಿರುಗುಪ್ಪ, ಕುರುಗೋಡು, ಕಂಪಿಲಿ, ಸಂಡೂರುಗಳು ಬಳ್ಳಾರಿಯಲ್ಲಿ ಉಳಿದುವು. ಪಡುವಣ ತಾಲ್ಲೂಕುಗಳವರಿಗೆ ಬಳ್ಳಾರಿಯು ಬಲುದೂರವಾಗಿದ್ದುದರಿಂದ ಈ ವಿಭಾಗವು ಅವರಿಗೆ ಉಪಕಾರವಾಯಿತೆಂಬುದರಲ್ಲಿ ಸಂಶಯವಿಲ್ಲ. ಹಳೆಯ ನಾಡುಗಳನ್ನು ಬಲ್ಲವರಿಗೆ ಇನ್ನೊಂದು ವಿಷಯವೂ ಹೊಳೆಯುತ್ತದೆ. ವಿಜಯನಗರ ಜಿಲ್ಲೆಯೆಂಬುದು ಸ್ಥೂಲವಾಗಿ ಕೋಗಳಿ ಅಯ್ನೂರಿನ ನೆಲ, ಹಂಪೆಯ ಕಡೆಯ ಒಂದು ಮೂಲೆಯೊಡನೆ. ಉಳಿದ ಬಳ್ಳಾರಿಯಲ್ಲಿ ಬಳ್ಳಕುಂದೆ ಮುನ್ನೂರಿನ ನೆಲವಿದೆ. ಇದನ್ನು ಉದ್ದೇಶಿಸಿ ಯಾರೂ ಮಾಡಿದುದಲ್ಲ. ರಾಜಧಾನಿಯ ಹೆಸರು ಮಾತ್ರ ಜಿಲ್ಲೆಯ ಈಶಾನ್ಯದ ಅಂಚಿಗೆ ಅಂಟಿಕೊಂಡಿದೆ.

1800ರ ಗೆರೆಯನ್ನು ದಾಟಿದ ಏರ್ಪಾಡುಗಳೂ ಇಲ್ಲದಿಲ್ಲ. ಸಂವಿಧಾನದ 371ಜೆ ವಿಧಿಯಂತೆ 2013ರಿಂದ ವಿಶೇಷ ಸೌಲಭ್ಯಗಳನ್ನು ಪಡೆದ ಪ್ರದೇಶದಲ್ಲಿ ನಿಜಾಮನ ಹಳೆಯ ಜಿಲ್ಲೆಗಳೊಡನೆ ಬಳ್ಳಾರಿಯೂ ಸೇರಿತು. ಅದನ್ನು ಆಗ ಹೈದರಾಬಾದ್ ಕರ್ನಾಟಕವೆಂದು ಕರೆಯುತ್ತಿದ್ದರು. 2019ರಿಂದ ಕಲ್ಯಾಣ ಕರ್ನಾಟಕವೆನ್ನುತ್ತಾರೆ. ಆನೆಗೊಂದಿಗೂ ತಳವಾರಘಟ್ಟಕ್ಕೂ ನಡುವೆ 1990ರ ದಶಕದಲ್ಲಿ ತೊಡಗಿದ ಸೇತುವೆಯ ವಿಷಯ ಬೇರೆಯಾಯಿತು. ಅವಶೇಷಗಳಿಗೆ ಅದರಿಂದ ಹಾನಿಯೆಂಬ ಕಾರಣದಿಂದ ಹಂಪೆಯು 1999ರಿಂದ 2006ರ ವರೆಗೆ ಯುನೆಸ್ಕೋದ ಅಪಾಯದ ಪಟ್ಟಿಯಲ್ಲಿದ್ದಿತು. ಮುಗಿಯುವುದರೊಳಗಾಗಿ ಸೇತುವೆಯು 2009ರ ಜನವರಿಯಲ್ಲಿ ಕುಸಿದುಬಿದ್ದಿತು. ಕಲ್ಲುಕಂಬದ ಹಳೆಯ ಸೇತುವೆಯ ಅವಶೇಷಗಳು ಮಾತ್ರ ಅದೇ ಹೊಳೆಯಲ್ಲಿ ನಿಂತೇ ಇವೆ.

ಮತ್ತೊಂದು ಏರ್ಪಾಡು ನಮ್ಮ ಗಮನಕ್ಕೆ ಅರ್ಹವಾಗಿದೆ. 2002ರ ಶಾಸನದಿಂದ ಹಂಪೆಯ ವಿಶ್ವಪರಂಪರೆಯ ಕ್ಷೇತ್ರಕ್ಕೆ ಒಂದು ನಿರ್ವಹಣಾ ಪ್ರಾಧಿಕಾರವು ಏರ್ಪಟ್ಟಿತು. ಅದರ ಎಲ್ಲೆಯಲ್ಲಿ 29 ಗ್ರಾಮಗಳಿವೆ. ಅವುಗಳಲ್ಲಿ ಕೆಲವು ದಕ್ಷಿಣದಂಡೆಯವು, ಕೆಲವು ಉತ್ತರದಂಡೆಯವು. ಹಂಪೆ, ಕಮಲಾಪುರ, ಆನೆಗೊಂದಿಗಳು ಒಂದೇ ಪಟ್ಟಿಯಲ್ಲಿ ಬರುತ್ತವೆ. ಅಧಿಕಾರಿಗಳು ಅದನ್ನು ನಕ್ಷೆಯಲ್ಲಿ ಗುರುತಿಸುವಾಗ ಹಸ್ತಿನಾವತಿಯ ವಳಿತವನ್ನು ನೆನೆದಿದ್ದರೆಂದು ನಾವು ಹೇಳುವುದಿಲ್ಲ. ಅವಶೇಷಗಳು ಎಲ್ಲೆಲ್ಲಿವೆಯೋ ಅಲ್ಲೆಲ್ಲ ಗೆರೆಯನ್ನು ಒಯ್ದಿದ್ದಾರೆ, ಅಷ್ಟೆ. ಹಾಗೆ ಒಯ್ದಾಗ ಅದು ಹೊಳೆಯನ್ನು ದಾಟಿತು.